ದಿನದ ಧಮ್ಮ ಚಿಂತನೆ: ನಡುಹೊಳೆಯಲ್ಲಿ ತೆಪ್ಪ ಕಸಿಯಬಾರದು





ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆ ಸರದಿಯಂತೆ ನಮ್ಮ ಬಳಗದ ಭಾನುವಾರದ ಓದು ನಡೆಯುವುದು ನಿಮಗೆಲ್ಲ ಗೊತ್ತು. ಇವತ್ತಿನ ಚಿಂತನೆ ಸ್ವಲ್ಪ ಉದ್ದ ಇದೆ. ಬೆಳಿಗ್ಗೆ ಪುರುಸೊತ್ತು ಆಗದಿದ್ದರೆ ರಾತ್ರಿ ಊಟ ಆದ ಮೇಲೆ ಓದಿ. ಇದರಲ್ಲಿ ನನ್ನದೊಂದು ತಪ್ಪಿನ ಒಪ್ಪಿಗೆಯೂ ಇದೆ.

ಕೆಲವು ತಿಂಗಳ ಹಿಂದೆ ಬಸವನ ಬಾಗೇವಾಡಿಯ ಓದಿಗೆ ಕಾಲೇಜು ವಿದ್ಯಾರ್ಥಿಗಳು ಒಳ್ಳೆಯ ಸಂಖ್ಯೆಯಲ್ಲಿ ಬಂದಿದ್ದರು. ಹೆಚ್ಚಿನವರು ಹಾಸ್ಟೆಲ್ ಮಕ್ಕಳು. ಅವತ್ತು ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದೆವು. ಓದು ಮುಗಿದಾಗ ನನಗೆ ಉತ್ಸಾಹ ತಡೆಯಲಿಲ್ಲ. "ಈಗ ಒಬ್ಬೊಬ್ಬರೇ ಎದ್ದು ನಿಂತು, ಸಣ್ಣವರಿದ್ದಾಗ ನಿಮಗಾದ ಅವಮಾನ, ನೋವು ಹೇಳಿ. ಮುಚ್ಚಿಟ್ಟರೆ ಒಳಗೇ ಕೊಳೆಯುತ್ತದೆ. ಬುದ್ಧನ ದಾರಿಗೆ ಬಂದವರು ಅಂಜಬಾರದು" ಎಂದೆ.

ಒಬ್ಬ ಹುಡುಗ ಎದ್ದು, "ಸರ, ನಮ್ಮ ಊರಾಗ ಚಾದಂಗಡ್ಯಾಗ ನಮಗಂತ ಬ್ಯಾರೆ ಕಪ್ಪ ಇಟ್ಟಿದ್ರರಿ. ವಿಐಪಿ ಕಪ್ಪ!" ಎಂದ. ಎಲ್ಲರೂ ನಕ್ಕರು. ಇನ್ನೊಬ್ಬ, "ನನಗ ಏನೂ ನೆನಪಿಲ್ರಿ" ಎಂದು ಕುಳಿತುಬಿಟ್ಟ. ಮೂರನೆಯವನು ಸಂವಿಧಾನದ 14, 15, 17ನೇ ವಿಧಿಗಳನ್ನು ಗಡಗಡ ಹೇಳಿದ. ತನ್ನ ಬಗ್ಗೆ ಒಂದು ಮಾತೂ ಇಲ್ಲ. ಕೊನೆಗೆ ಮುದ್ದೇಬಿಹಾಳದ ಕಡೆಯ ಒಬ್ಬ ಹುಡುಗಿ. ಆಕೆಗೆ ಇಷ್ಟವಿರಲಿಲ್ಲ. ನಾನು ಎರಡು ಸಲ ಒತ್ತಾಯ ಮಾಡಿದೆ. ಆಕೆ ಎದ್ದು ನಿಂತು, ಪಾಠ ಒಪ್ಪಿಸುವವರ ಹಾಗೆ, ಕಣ್ಣಲ್ಲಿ ಒಂದು ಹನಿ ಇಲ್ಲದೆ ತನ್ನ ಬಾಲ್ಯ ಹೇಳಿದಳು. ಏನು ಹೇಳಿದಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಆಕೆಯದು. ಹೇಳಿ ಮುಗಿಸಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಆಮೇಲೆ ಆಕೆ ನಮ್ಮ ಓದಿಗೆ ಬರಲಿಲ್ಲ. ಎರಡು ವಾರ ಕಾಲೇಜಿಗೂ ಹೋಗಲಿಲ್ಲ ಎಂದು ಗೆಳತಿಯರಿಂದ ತಿಳಿಯಿತು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನೋವನ್ನು ನಗೆ ಮಾಡುವುದು, ಮರೆಯುವುದು, ಮರೆತ ಹಾಗೆ ಇರುವುದು, ಬಚ್ಚಿಡುವುದು, ಇವೆಲ್ಲ ಸುಳ್ಳೇ? ನಾಲ್ಕನೆಯ ಶೀಲ ಸುಳ್ಳಾಡಬಾರದು ಎನ್ನುತ್ತದೆ. ಹಾಗಾದರೆ ಈ ಮಕ್ಕಳಿಗೆ "ಬಚ್ಚಿಡಬೇಡಿ" ಎನ್ನುವ ಹಕ್ಕು ನನಗಿತ್ತೇ?

ಮನಶ್ಶಾಸ್ತ್ರ ಈ ನಡವಳಿಕೆಗಳಿಗೆ ರಕ್ಷಣಾ ತಂತ್ರಗಳು ಎಂದು ಹೆಸರಿಟ್ಟಿದೆ. ಫ್ರಾಯ್ಡ್ ಶುರು ಮಾಡಿದ ವಿಚಾರವನ್ನು ಅವರ ಮಗಳು ಆನಾ ಫ್ರಾಯ್ಡ್ 1936ರಲ್ಲಿ ಒಂದು ಪುಸ್ತಕವಾಗಿ ಬಿಡಿಸಿ ಬರೆದರು. ಬಾಬಾಸಾಹೇಬರ 'ಜಾತಿ ವಿನಾಶ' ಅಚ್ಚಾದದ್ದೂ ಅದೇ 1936ರಲ್ಲಿ. ಆನಾ ಹೇಳಿದ ವಿಷಯದ ತಿರುಳು ಇಷ್ಟು: ತಡೆದುಕೊಳ್ಳಲಾಗದ ಭಯ, ನಾಚಿಕೆ, ಸಿಟ್ಟು ಬಂದಾಗ ಮನಸ್ಸು ತನಗೇ ಗೊತ್ತಿಲ್ಲದೆ ಒಂದು ಉಪಾಯ ಹೂಡುತ್ತದೆ. ಇದನ್ನು ಯಾರೂ ಕೂತು ಯೋಚಿಸಿ ಮಾಡುವುದಿಲ್ಲ. ಬಿಸಿ ತಗುಲಿದಾಗ ಕೈ ಹಿಂದಕ್ಕೆ ಸರಿಯುವಂತೆ ಆಗಿಹೋಗುತ್ತದೆ.

ನಮ್ಮ ಮಕ್ಕಳನ್ನೇ ನೋಡಿ. ದಸರೆ ಮುಗಿಯುತ್ತಲೇ ನಮ್ಮ ಎಷ್ಟೋ ಮನೆಗಳವರು ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಹಾಪುರದ ಕಡೆಗೆ ಹೊರಡುತ್ತಾರೆ. ಇನ್ನು ಕೆಲವರು ಗೋವೆಗೆ. ಐದಾರು ತಿಂಗಳು ಮಗು ಅಜ್ಜಿಯ ಹತ್ತಿರವೋ ಸಂಬಂಧಿಕರ ಹತ್ತಿರವೋ ಉಳಿಯುತ್ತದೆ. ಮೊದಲ ವರ್ಷ ಅಳುತ್ತದೆ. ಮೂರನೆಯ ವರ್ಷ ಲಾರಿ ಹೊರಟಾಗ ಆ ಕಡೆ ನೋಡುವುದೂ ಇಲ್ಲ. ಕಾಲೇಜಿಗೆ ಬಂದ ಮೇಲೆ ಕೇಳಿದರೆ "ನನಗೇನೂ ಅನಸಂಗಿಲ್ರಿ" ಎನ್ನುತ್ತದೆ. ಇದು ನಿರಾಕರಣೆ. ಕುಡಿದು ಬಂದ ಅಪ್ಪನ ಹೊಡೆತ ತಿಂದು ಬೆಳೆದವನು ಹಾಸ್ಟೆಲ್‌ನಲ್ಲಿ ಜೂನಿಯರ್ ಹುಡುಗನ ಕಪಾಳಕ್ಕೆ ಬಾರಿಸುತ್ತಾನೆ. ಇದು ಸಿಟ್ಟಿನ ಸ್ಥಾನಪಲ್ಲಟ. ಜಾತಿ ಹಿಡಿದು ಬೈಸಿಕೊಂಡವನು ನಮ್ಮಲ್ಲೇ ಇನ್ನೊಂದು ಒಳಜಾತಿಯವನನ್ನು ಅದೇ ಮಾತಿನಿಂದ ಹಂಗಿಸುತ್ತಾನೆ. ಹೊಡೆದವನ ಹಾಗೆಯೇ ತಾನೂ ಆಗಿಬಿಟ್ಟರೆ ಪೆಟ್ಟು ತಾಗುವುದಿಲ್ಲ ಎಂದು ಮನಸ್ಸು ನಂಬುತ್ತದೆ. ಆನಾ ಫ್ರಾಯ್ಡ್ ಇದರ ಬಗ್ಗೆ ವಿಶೇಷವಾಗಿ ಬರೆದಿದ್ದಾರೆ. ವಿಧಿಗಳ ಸಂಖ್ಯೆ ಹೇಳಿ ಕುಳಿತವನದು ಬುದ್ಧಿಯ ಗುರಾಣಿ. ಆಕೆ ಕಣ್ಣೀರಿಲ್ಲದೆ ಪಾಠ ಒಪ್ಪಿಸಿದಂತೆ ಹೇಳಿದಳಲ್ಲ, ಅಲ್ಲಿ ಘಟನೆ ನೆನಪಿದೆ, ಅದರ ಜೊತೆಗಿನ ಭಾವನೆಯನ್ನು ಮನಸ್ಸು ಕಡಿದು ಬೇರೆ ಇಟ್ಟಿದೆ. ಬೆಳಗಿನ ನಾಲ್ಕಕ್ಕೆ ಎದ್ದು ಪೊಲೀಸ್ ನೇಮಕಾತಿಗೆ ಓಡುವವನು, ಹಲಗೆ ಬಾರಿಸುವವನು, ಕಬಡ್ಡಿ ಆಡುವವನು ಅದೇ ಸಿಟ್ಟನ್ನು ಕೆಲಸಕ್ಕೆ ಹಚ್ಚಿದ್ದಾನೆ. ಅದಕ್ಕೆ ಉದಾತ್ತೀಕರಣ ಎನ್ನುತ್ತಾರೆ.

ಅಮೆರಿಕದ ಹಾರ್ವರ್ಡ್‌ನಲ್ಲಿ 1938ರಲ್ಲಿ ಕಾಲೇಜು ಯುವಕರ ಅಧ್ಯಯನವೊಂದು ಶುರುವಾಯಿತು. ಅವರನ್ನು ದಶಕಗಳ ಕಾಲ ಬೆನ್ನುಹತ್ತಿ ನೋಡಿದ ಮನೋವೈದ್ಯ ಜಾರ್ಜ್ ವೈಲಂಟ್, ವಯಸ್ಸಿನೊಂದಿಗೆ ಈ ರಕ್ಷಣೆಗಳೂ ಮಾಗಬಲ್ಲವು ಎಂದು ಬರೆದರು. ನಿರಾಕರಣೆಯ ಜಾಗದಲ್ಲಿ ಹಾಸ್ಯ, ಇತರರಿಗೆ ನೆರವಾಗುವ ಗುಣ, ಸಿಟ್ಟನ್ನು ಕೆಲಸವಾಗಿಸುವ ಶಕ್ತಿ ಬರಬಹುದು. ಇದು ನಮಗೆ ಭರವಸೆಯ ಮಾತು. ಆದರೆ ಒಂದು ವ್ಯತ್ಯಾಸ ಮರೆಯಬಾರದು. ಆ ಯುವಕರು ಬಹುಪಾಲು ಉಳ್ಳವರ ಮನೆಯವರು. ಅವರ ಕಷ್ಟ ಹೆಚ್ಚಾಗಿ ಹಿಂದೆ ಮುಗಿದಿತ್ತು. ನಮ್ಮ ಹುಡುಗನ 'ಬೇರೆ ಕಪ್ಪು' ಬಾಲ್ಯದ ನೆನಪು ಮಾತ್ರ ಅಲ್ಲ. ರಜೆಗೆ ಊರಿಗೆ ಹೋದರೆ ಅದು ಅಲ್ಲೇ ಕಾದಿರಬಹುದು. ಒಳಗಿನ ಭಯಕ್ಕೂ ಹೊರಗಿನ ಅಪಾಯಕ್ಕೂ ಅವನು ಒಂದೇ ಗುರಾಣಿ ಹಿಡಿದಿದ್ದಾನೆ.

ಈಗ ಬಾಬಾಸಾಹೇಬರ ಕಡೆ ಬರೋಣ. ನಾನು ಅವತ್ತು ಓದಿಸಿದ ಪುಸ್ತಕವನ್ನೇ ಸರಿಯಾಗಿ ಓದಿರಲಿಲ್ಲ ಎಂದು ಈಗ ಅನಿಸುತ್ತದೆ.

ಅವರು ಒಂಬತ್ತು ವರ್ಷದ ಹುಡುಗ. 1901ರ ಆಸುಪಾಸು. ಗೋರೆಗಾಂವದಲ್ಲಿ ನೌಕರಿಯಲ್ಲಿದ್ದ ತಂದೆಯನ್ನು ಕಾಣಲು ಹೊಸ ಬಟ್ಟೆ ತೊಟ್ಟು ಹೊರಟ ಮಕ್ಕಳು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಮಹಾರ ಮಕ್ಕಳು ಎಂದು ತಿಳಿದ ಕೂಡಲೇ ಯಾವ ಗಾಡಿಯವನೂ ಬರಲು ಒಪ್ಪಲಿಲ್ಲ. ಎರಡು ಪಟ್ಟು ಬಾಡಿಗೆ ಕೊಟ್ಟು ತಾವೇ ಗಾಡಿ ಹೊಡೆದರು. ಗಾಡಿಯವನು ಜೊತೆಗೆ ನಡೆದು ಬಂದ. ದಾರಿಯುದ್ದಕ್ಕೂ ಕುಡಿಯಲು ನೀರು ಸಿಗಲಿಲ್ಲ. ಶಾಲೆಯಲ್ಲಿ ಬೇರೆ ಕೂರುವುದು, ನಲ್ಲಿ ಮುಟ್ಟದಿರುವುದು ಆ ಹುಡುಗನಿಗೆ ಮೊದಲೇ ಗೊತ್ತಿತ್ತು. ಆದರೆ ಅದನ್ನೆಲ್ಲ ಅಲ್ಲಿಯವರೆಗೆ ಸಹಜ ಎಂದೇ ತೆಗೆದುಕೊಂಡಿದ್ದೆ, ಈ ಪ್ರಯಾಣದ ನಂತರ ಯೋಚಿಸತೊಡಗಿದೆ ಎಂಬ ಅರ್ಥದಲ್ಲಿ ಬಾಬಾಸಾಹೇಬರು ಬರೆದಿದ್ದಾರೆ. 'ಇದೆಲ್ಲ ಇರುವುದೇ' ಎಂದುಕೊಳ್ಳುವುದೂ ಮಗುವಿಗೆ ಒಂದು ರಕ್ಷಣೆ. ನಮ್ಮ ಎಷ್ಟು ಮಕ್ಕಳು ಇನ್ನೂ ಅದರೊಳಗೇ ಇದ್ದಾರೆ!

ಮುಂದೆ ಅಮೆರಿಕ, ಲಂಡನ್‌ಗಳಲ್ಲಿ ಓದಿ ಬರೋಡಾಕ್ಕೆ ನೌಕರಿಗೆ ಬಂದರು. ಉಳಿಯಲು ಜಾಗವಿಲ್ಲ. ಪಾರ್ಸಿಗಳ ವಸತಿಗೃಹಕ್ಕೆ ಹೋದರು. ಪಾರ್ಸಿಗಳಿಗೆ ಮಾತ್ರ ಜಾಗ ಎಂದಾಗ, ಪಾರ್ಸಿ ಹೆಸರಿನಲ್ಲಿ ದಾಖಲಾಗಿ ಉಳಿದರು. ಹನ್ನೊಂದನೆಯ ದಿನ ಕೋಲು ಹಿಡಿದ ಹತ್ತು ಹನ್ನೆರಡು ಜನ ಬಂದು ಹೊರಹಾಕಿದರು. ಹದಿನೆಂಟು ವರ್ಷ ಕಳೆದರೂ ಆ ದೃಶ್ಯ ಮಾಸಿಲ್ಲ, ನೆನೆದಾಗಲೆಲ್ಲ ಕಣ್ಣು ತುಂಬುತ್ತದೆ ಎಂದು ಅವರೇ ದಾಖಲಿಸಿದ್ದಾರೆ.

ಬಂಧುಗಳೇ, ಮುಂದೆ ಇಡೀ ದೇಶದ ಎದುರು ತಲೆ ಎತ್ತಿ ನಿಂತವರೂ ಒಂದು ಕಾಲಕ್ಕೆ ಹೆಸರು ಬಚ್ಚಿಟ್ಟು ರಾತ್ರಿ ಕಳೆದಿದ್ದಾರೆ. ಅದಕ್ಕೆ ಅವರನ್ನು ಸುಳ್ಳುಗಾರ ಎನ್ನುವವರು ನಮ್ಮಲ್ಲಿ ಯಾರಿದ್ದಾರೆ? ತಲೆಯ ಮೇಲೊಂದು ಸೂರು ಸಿಗಬೇಕಾದರೆ ಜಾತಿ ಹೇಳು ಎನ್ನುವ ಪ್ರಶ್ನೆಯೇ ಒಂದು ಹಿಂಸೆ. ಅದಕ್ಕೆ ಕೊಟ್ಟ ಸುಳ್ಳು ಉತ್ತರದ ದೊಡ್ಡ ಪಾಲು ಕೇಳಿದವನಿಗೇ ಸೇರಬೇಕು. ಆದರೂ ಸುಳ್ಳು ಹೇಳಿದವನಿಗೆ ಅದರ ಬೆಲೆ ತಪ್ಪುವುದಿಲ್ಲ. ದಿನವೂ ಬಾಗಿಲು ಸದ್ದಾದಾಗ ಎದೆ ನಡುಗುವುದೇ ಆ ಬೆಲೆ.

ಇನ್ನೊಂದು ವಿಷಯ ಗಮನಿಸಿ. ಒಂಬತ್ತನೆಯ ವಯಸ್ಸಿನಲ್ಲಿ ನಡೆದದ್ದನ್ನು ಬಾಬಾಸಾಹೇಬರು ಬರೆದಿಟ್ಟದ್ದು ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ. ಅದು ಪುಸ್ತಕವಾದದ್ದು 1990ರಲ್ಲಿ, ಅವರ ಪರಿನಿಬ್ಬಾಣದ ನಂತರ. ನಮ್ಮ ಮುದ್ದೇಬಿಹಾಳದ ನೆಲದಲ್ಲಿ 1956ರಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿಯವರು ತಮ್ಮ ಬಾಲ್ಯವನ್ನೂ ಓದಿನ ದಿನಗಳನ್ನೂ 'ಗೌರ್ಮೆಂಟ್ ಬ್ರಾಹ್ಮಣ'ದಲ್ಲಿ ಬರೆದರು. ಅದು ಬಂದದ್ದು 1994ರಲ್ಲಿ. ಸರ್ಕಾರದ ಸೌಲಭ್ಯ ಪಡೆದು ಓದುವ ನಮ್ಮವರನ್ನು ಹಂಗಿಸುತ್ತಿದ್ದ ಮಾತನ್ನೇ ಎತ್ತಿ ಪುಸ್ತಕದ ಹೆಸರು ಮಾಡಿದರು. ಎಸೆದ ಕಲ್ಲನ್ನೇ ಹಿಡಿದು ಕಟ್ಟೆ ಕಟ್ಟಿಕೊಂಡಂತೆ. ಮಾಗಿದ ಹಾಸ್ಯ ಎಂದರೆ ಇದು. ಸಿದ್ದಲಿಂಗಯ್ಯನವರ 'ಊರುಕೇರಿ' ಓದಿದವರಿಗೂ ಆ ನಗೆಯ ಹಿಂದಿನ ಭಾರ ಗೊತ್ತು. ಇವರೆಲ್ಲ ತಮ್ಮ ಕಾಲ ಬಂದಾಗ, ತಮ್ಮ ಮಾತಿನಲ್ಲಿ, ತಾವೇ ಆರಿಸಿಕೊಂಡು ಹೇಳಿದರು. ದಶಕಗಳು ಹಿಡಿದ ಆ ಕೆಲಸವನ್ನು ನಾನು ಹತ್ತೊಂಬತ್ತು ವರ್ಷದ ಹುಡುಗಿಗೆ ಹತ್ತು ನಿಮಿಷದಲ್ಲಿ, ತುಂಬಿದ ಸಭೆಯಲ್ಲಿ ಮಾಡು ಎಂದೆ.

ಬುದ್ಧರು ಈ ವಿಷಯದಲ್ಲಿ ನಮಗಿಂತ ಎಷ್ಟು ಎಚ್ಚರವಾಗಿದ್ದರು ನೋಡಿ. ಮಜ್ಝಿಮ ನಿಕಾಯದ ಸಬ್ಬಾಸವ ಸುತ್ತದಲ್ಲಿ ಮನಸ್ಸಿನ ಆಸವಗಳನ್ನು, ಅಂದರೆ ಒಳಗೇ ಜಿನುಗುವ ಕೇಡುಗಳನ್ನು, ನೀಗಲು ಏಳು ದಾರಿ ಹೇಳಿದ್ದಾರೆ. ಕೆಲವನ್ನು ಸರಿಯಾಗಿ ಕಂಡು ನೀಗಬೇಕು. ಕೆಲವನ್ನು ಸಹಿಸಿ. ಕೆಲವನ್ನು ದೂರ ಸರಿದು. ಹುಚ್ಚಾನೆ, ಕಚ್ಚುವ ನಾಯಿ, ಹಾವು ಎದುರಾದರೆ ದೂರ ಸರಿಯಬೇಕು ಎಂಬ ಉದಾಹರಣೆಗಳೂ ಅಲ್ಲಿವೆ. ಎಲ್ಲವನ್ನೂ ಎದೆಯೊಡ್ಡಿ ಎದುರಿಸು ಎಂದು ಅವರು ಹೇಳಲಿಲ್ಲ. ಆದರೆ ಆ ಪಟ್ಟಿಯಲ್ಲಿ ಮೊದಲನೆಯದು ಕಾಣುವುದು. ಯಾವುದು ಹುಚ್ಚಾನೆ, ಯಾವುದು ಆನೆಯ ನೆರಳು ಎಂದು ಕಂಡುಕೊಳ್ಳಬೇಕು.

ಇನ್ನೊಂದು, ನಿಮಗೆಲ್ಲ ಗೊತ್ತಿರುವ ತೆಪ್ಪದ ಉಪಮೆ. ಒಬ್ಬನಿಗೆ ಹೊಳೆ ದಾಟಬೇಕಿದೆ. ದೋಣಿಯಿಲ್ಲ, ಸೇತುವೆಯಿಲ್ಲ. ಹುಲ್ಲು, ಕಡ್ಡಿ, ಕೊಂಬೆ, ಎಲೆ ಕೂಡಿಸಿ ತೆಪ್ಪ ಕಟ್ಟಿ, ಕೈಕಾಲು ಬಡಿದು ದಾಟುತ್ತಾನೆ. ದಾಟಿದ ಮೇಲೆ, ಇದು ನನ್ನನ್ನು ಉಳಿಸಿತು ಎಂದು ತಲೆಯ ಮೇಲೆ ಹೊತ್ತು ನಡೆಯಬೇಕೇ? ಬೇಡ, ದಡದಲ್ಲಿ ಬಿಡಬೇಕು ಎನ್ನುತ್ತಾರೆ ಬುದ್ಧರು. ಅವರು ಹೇಳಿದ್ದು ಧಮ್ಮದ ಬಗ್ಗೆ. ನಾನು ಅದನ್ನು ಮಕ್ಕಳ ಈ ರಕ್ಷಣೆಗಳಿಗೆ ಹಚ್ಚಿ ನೋಡುತ್ತಿದ್ದೇನೆ.

ಏಳು ವರ್ಷದ ಮಗು ಕೈಗೆ ಸಿಕ್ಕ ಹುಲ್ಲುಕಡ್ಡಿಯಲ್ಲಿ ತೆಪ್ಪ ಕಟ್ಟಿಕೊಂಡಿತು. ನಗೆಯೋ, ಮರೆವೋ, ಮೌನವೋ, ಸಿಕ್ಕಿದ್ದು ಅದೇ. ಅದರಿಂದಲೇ ಆ ಮಗು ಶಾಲೆ ಮುಗಿಸಿತು, ಕಾಲೇಜಿನ ಬಾಗಿಲಿಗೆ ಬಂತು. ಆ ತೆಪ್ಪವನ್ನು ಹಂಗಿಸಬಾರದು. ಆದರೆ ದಡ ಮುಟ್ಟಿದ ಮೇಲೂ ಹೊತ್ತೇ ನಡೆದರೆ ಕತ್ತು ಮುರಿಯುತ್ತದೆ. ಮರೆವು ರಾತ್ರಿಯ ನಿದ್ದೆ ತಿನ್ನುತ್ತದೆ. ನಗೆ ಗೆಳೆಯರನ್ನು ಒಂದು ಮಾರು ದೂರವೇ ಇಡುತ್ತದೆ. ಪಲ್ಲಟವಾದ ಸಿಟ್ಟು ಹೆಂಡತಿ ಮಕ್ಕಳ ಮೇಲೆ ಬೀಳುತ್ತದೆ.

ಹಾಗಾದರೆ ಯಾವಾಗ ಬಿಡಬೇಕು? ದಡಕ್ಕೆ ಕಾಲು ತಾಗಿದಾಗ. ಅದನ್ನು ಹೇಳಬೇಕಾದವನು ನೀರಲ್ಲಿರುವವನು. ದಂಡೆಯ ಮೇಲೆ ಕೂತ ನಾವು ಕೂಗಿ ಹೇಳುವುದಲ್ಲ. ಭೀಮಾ ತುಂಬಿದಾಗ, ಕೃಷ್ಣೆ ತುಂಬಿದಾಗ ನಡುಹೊಳೆಯಲ್ಲಿ ಇರುವವನ ತೆಪ್ಪವನ್ನು ಸತ್ಯದ ಹೆಸರಿನಲ್ಲಿ ಎಳೆದುಕೊಂಡರೆ ಅದು ಕೊಲೆಗೆ ಸಮ.

ಈಗ ನನ್ನ ಬಗ್ಗೆ. ನಾನು ಯಾಕೆ ಅಷ್ಟು ಒತ್ತಾಯ ಮಾಡಿದೆ?

ಡಿಗ್ರಿ ಓದುವಾಗ ವಿಜಯಪುರದಲ್ಲಿ ಬಾಡಿಗೆ ಕೋಣೆಗಾಗಿ ನಾನು ಬೇರೆ ಜಾತಿ ಹೇಳಿದ್ದೆ. ಎರಡು ವರ್ಷ ಬಾಬಾಸಾಹೇಬರ ಫೋಟೋ ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಇತ್ತು. ನೌಕರಿ ಸಿಕ್ಕ ಮೇಲೆ, ದೀಕ್ಷೆ ತೆಗೆದುಕೊಂಡ ಮೇಲೆ, ಎಲ್ಲರಿಗಿಂತ ಜೋರಾಗಿ ಜೈ ಭೀಮ್ ಅಂದವನು ನಾನೇ. ಬಚ್ಚಿಡುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಮಗ ತನ್ನ ಆಫೀಸಿನಲ್ಲಿ ಜಾತಿಯ ಬಗ್ಗೆ ಬಾಯಿ ಬಿಡುವುದಿಲ್ಲ ಎಂದು ಗೊತ್ತಾದಾಗ ಮೂರು ತಿಂಗಳು ಅವನ ಜೊತೆ ಮಾತು ಬಿಟ್ಟೆ. ಅದನ್ನು ಧಮ್ಮನಿಷ್ಠೆ ಅಂದುಕೊಂಡಿದ್ದೆ. ಈಗ ಕಾಣುತ್ತಿದೆ: ನಾನು ಬೈಯುತ್ತಿದ್ದದ್ದು ಆ ಕೋಣೆಯ ಇಪ್ಪತ್ತು ವರ್ಷದ ಹುಡುಗನನ್ನು. ನನ್ನ ಜೋರು ಧ್ವನಿಯೂ ಒಂದು ತೆಪ್ಪವೇ ಆಗಿತ್ತು. ಹೊಳೆ ದಾಟಿ ಮೂವತ್ತು ವರ್ಷವಾದರೂ ಹೊತ್ತಿದ್ದೆ, ಅದರಿಂದ ಇನ್ನೊಬ್ಬರಿಗೆ ಹೊಡೆಯುತ್ತಲೂ ಇದ್ದೆ.

ಒಂದು ದಿನ ಮುದ್ದೇಬಿಹಾಳಕ್ಕೆ ಹೋಗಿ ಆ ಹುಡುಗಿಯನ್ನು, ಆಕೆಯ ಗೆಳತಿಯ ಎದುರಿನಲ್ಲೇ, ಕಂಡೆ. ಕ್ಷಮೆ ಕೇಳಿದೆ. ಆಕೆ ಸಿಟ್ಟಾಗಲಿಲ್ಲ. ಇಷ್ಟೇ ಹೇಳಿದಳು: "ಸರ, ನೀವು ಕೇಳಿದ್ರಿ, ನಾ ಹೇಳಿದ್ನಿ. ಅವತ್ತ ರಾತ್ರಿ ಹಾಸ್ಟೆಲ್‌ನ್ಯಾಗ ನಾ ಒಬ್ಬಾಕಿನ ಇದ್ದೆ. ಚಪ್ಪಾಳಿ ಹೊಡದವ್ರು ಯಾರೂ ಇರಲಿಲ್ರಿ."

ಈ ಮಾತು ಕೇಳಿದಾಗ ನನಗೆ ಪಟಾಚಾರಾ ಥೇರಿಯ ಕಥೆ ನೆನಪಾಯಿತು. ಗಂಡ ಹಾವು ಕಚ್ಚಿ ಸತ್ತ. ತುಂಬಿದ ಹೊಳೆ ದಾಟುವಾಗ ಹಸುಗೂಸನ್ನು ಹದ್ದು ಒಯ್ದಿತು, ದೊಡ್ಡ ಮಗ ನೀರುಪಾಲಾದ. ತವರಿಗೆ ಬಂದರೆ ಮನೆ ಕುಸಿದು ತಂದೆ ತಾಯಿ, ಅಣ್ಣ ಸತ್ತಿದ್ದರು. ಬುದ್ಧಿ ಕೆಟ್ಟು, ಮೈಮೇಲೆ ಬಟ್ಟೆಯ ಪರಿವೆಯಿಲ್ಲದೆ ಅಲೆಯುತ್ತಿದ್ದ ಆಕೆಗೆ ಜನ ಮಣ್ಣು ಹೆಂಟೆ ಎಸೆದರು. ಜೇತವನಕ್ಕೆ ಬಂದಾಗಲೂ ತಡೆಯಲು ಹೋದರು. ಬುದ್ಧರು ತಡೆಯಬೇಡಿ ಎಂದರು. ತಂಗಿ, ಎಚ್ಚರ ತಂದುಕೋ ಎಂದರು. ಯಾರೋ ಒಬ್ಬ ತನ್ನ ಮೇಲುಹೊದಿಕೆ ತೆಗೆದು ಆಕೆಯ ಕಡೆ ಎಸೆದ. ಆಕೆ ಅದನ್ನು ಹೊದ್ದುಕೊಂಡಳು. ಆಮೇಲೆ ತನ್ನ ಕಥೆ ಹೇಳಿದಳು. ಮುಂದೆ ಅದೇ ಪಟಾಚಾರಾ ಮಕ್ಕಳನ್ನು ಕಳೆದುಕೊಂಡ ಎಷ್ಟೋ ಹೆಂಗಸರಿಗೆ ದಾರಿ ತೋರಿದಳು.

ಇಲ್ಲಿನ ಕ್ರಮ ನೋಡಿ. ಮೊದಲು ಹೊದಿಕೆ, ಆಮೇಲೆ ಮಾತು. ನಾನು ಮಾತು ಕೇಳಿದೆ, ಹೊದಿಕೆ ಕೊಡಲಿಲ್ಲ.

2016ರ ಜನವರಿ 17ರಂದು ನಾವು ರೋಹಿತ್ ವೇಮುಲನನ್ನು ಕಳೆದುಕೊಂಡೆವು. ತನ್ನ ಕೊನೆಯ ಪತ್ರದಲ್ಲಿ ಆತ ಬಾಲ್ಯದ ಒಂಟಿತನದ ಬಗ್ಗೆಯೂ ಬರೆದಿದ್ದ. ನಾವು ಬೀದಿಗಿಳಿದು ನ್ಯಾಯ ಕೇಳಿದೆವು, ಕೇಳಲೇಬೇಕಿತ್ತು. ಆದರೆ ಆ ಪತ್ರದ ಒಳಗಿದ್ದ ಮಗುವಿನ ಬಗ್ಗೆ ನಾನಂತೂ ಮಾತಾಡಿರಲಿಲ್ಲ. ಹೋರಾಟ ಹೊಳೆಯ ನೀರನ್ನು ಇಳಿಸುತ್ತದೆ. ಅದರ ಜೊತೆಗೇ ಈಗ ನೀರಲ್ಲಿರುವವರಿಗೆ ಕಾಲೂರಲು ಒಂದು ದಡವೂ ಬೇಕು. ಆ ದಡ ಆಗುವುದು ಸಂಘದ ಕೆಲಸ, ಅಂದರೆ ನಮ್ಮ ಕೆಲಸ.

ಆದ್ದರಿಂದ ನಮ್ಮ ಬಳಗದಲ್ಲಿ ಈಗ ಒಂದು ನಿಯಮ ಮಾಡಿಕೊಂಡಿದ್ದೇವೆ. ಸಭೆಯಲ್ಲಿ ಯಾರನ್ನೂ ಬಾಲ್ಯ ಹೇಳು ಎಂದು ಒತ್ತಾಯಿಸುವುದಿಲ್ಲ. ತಾವಾಗಿ ಹೇಳಿದವರಿಗೆ ಚಪ್ಪಾಳೆ ತಟ್ಟುವುದಿಲ್ಲ. ಅವತ್ತು ರಾತ್ರಿ ಒಬ್ಬರು ಫೋನ್ ಮಾಡುತ್ತಾರೆ, ಮರುದಿನ ಒಬ್ಬರು ಹೋಗಿ ಚಹಾ ಕುಡಿದು ಬರುತ್ತಾರೆ. ಕೇಳಿದ ಮಾತು ಕೇಳಿದವರಲ್ಲೇ ಉಳಿಯುತ್ತದೆ. ನಮ್ಮ ಕೈಗೆ ಮೀರಿದ್ದು ಎನಿಸಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಜೊತೆಗೆ ಹೋಗುತ್ತೇವೆ. ಸರ್ಕಾರದ ಟೆಲಿ ಮಾನಸ್ ನಂಬರ್ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಹಾಸ್ಟೆಲ್ ಮಕ್ಕಳಿಗೆ ತಪ್ಪದೆ ತಲುಪಿಸಿ.

ಇವತ್ತಿನ ಅಭ್ಯಾಸ: ಐದು ನಿಮಿಷ ಸುಮ್ಮನೆ ಕುಳಿತು ಉಸಿರು ಗಮನಿಸಿ. ಸಣ್ಣವರಿದ್ದಾಗ ನಿಮ್ಮನ್ನು ದಾಟಿಸಿದ ತೆಪ್ಪ ಯಾವುದು ಎಂದು ನೆನೆಯಿರಿ. ಮೊದಲು ಅದಕ್ಕೆ ಕೃತಜ್ಞತೆ ಹೇಳಿ. ಆಮೇಲೆ, ಅದನ್ನು ಇನ್ನೂ ಹೊತ್ತಿದ್ದೇನೆಯೇ, ಅದರಿಂದ ಯಾರಿಗಾದರೂ ಪೆಟ್ಟಾಗುತ್ತಿದೆಯೇ ಎಂದು ನೋಡಿ. ಇವತ್ತೇ ಬಿಡಬೇಕೆಂದಿಲ್ಲ. ಕಂಡರೆ ಸಾಕು. ನೆನಪು ತೀರ ಭಾರವಾದರೆ ಕಣ್ಣು ತೆರೆದು ಎದ್ದುಬಿಡಿ, ನಂಬಿಕೆಯವರ ಜೊತೆ ಮಾತಾಡಿ.

ನಾನು ಮುದ್ದೇಬಿಹಾಳದಿಂದ ಬಂದ ರಾತ್ರಿ ಮಗನಿಗೆ ಫೋನ್ ಮಾಡಿದೆ. ಆಫೀಸಿನ ವಿಷಯ ತೆಗೆಯಲಿಲ್ಲ. ಊಟ ಆಯಿತೇ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತಪ್ಪಾ, ನಿಂದು?" ಎಂದ. ಆ ಹುಡುಗಿ ಕಳೆದ ಸಿಂದಗಿಯ ಓದಿಗೆ ಬಂದಿದ್ದಳು. ಹಿಂದಿನ ಸಾಲಿನಲ್ಲಿ ಕುಳಿತಿದ್ದಳು, ಏನೂ ಮಾತಾಡಲಿಲ್ಲ. ನಾನೂ ಏನೂ ಕೇಳಲಿಲ್ಲ. ಇದನ್ನು ಬರೆಯುವ ಮೊದಲು ಆಕೆಯ ಒಪ್ಪಿಗೆ ಪಡೆದಿದ್ದೇನೆ.

ಮುಂದಿನ ಭಾನುವಾರದ ಓದು ಇಂಡಿಯಲ್ಲಿ. ಮಕ್ಕಳನ್ನು ಕರೆದುಕೊಂಡು ಬನ್ನಿ. ಮಾತಾಡಲೇಬೇಕೆಂದಿಲ್ಲ, ಬಂದು ಕುಳಿತರೆ ಸಾಕು.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.